ಗೌಡರ ಕಾರಿಗೆ ರೇಡಿಯೊ

ಸೀಟು ಇಷ್ಟು ಮೆತ್ತಗಿರುತ್ತದೆಂದು ಶಿವಯ್ಯ ಎಣಿಸಿರಲಿಲ್ಲ. ಸೊಂಟ ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲುಗಳು ತೆರೆದ ಬಾಗಿಲಿನಾಚೆ, ಹೀಗೆ ಅಡ್ಡಡ್ಡ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ತಂತಿಗಳನ್ನು ನೋಡುತ್ತಿದ್ದ. ಗಮನವೆಲ್ಲ ಮಾತ್ರ ಬೆನ್ನಿನ ಕೆಳಗಿತ್ತು. ಹಳೆಯ ತೊಗಲು. ಅಲ್ಲಲ್ಲಿ ಬಿರುಕು ಬಿಟ್ಟು ಒಳಗಿನ ನಾರು ಕಾಣುತ್ತಿತ್ತು. ಆದರೂ ಮೈಭಾರಕ್ಕೆ ಮೆಲ್ಲನೆ ತಗ್ಗುತ್ತಿತ್ತು, ಮಿಸುಕಿದರೆ ಮತ್ತೆ ಮೇಲೇಳುತ್ತಿತ್ತು. ಹದಿನಾರು ವರ್ಷದಿಂದ ಈ ಸೀಟನ್ನು ಅವನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದನೋ. ಅಲ್ಲಿ ಅದು ಗಟ್ಟಿಯಾಗಿ, ತಣ್ಣಗೆ, ಗುಡಿಯ ಮುಂದಿನ ಕಲ್ಲುಹಾಸಿನಂತೆ ಇತ್ತು. ನೋವಿನಲ್ಲಿರುವ ಒಬ್ಬ ಮನುಷ್ಯನನ್ನು ಇಲ್ಲಿ ಮಲಗಿಸಿದ್ದರೆ ರಸ್ತೆಯ ಗುಂಡಿಗಳು ಅವನಿಗೆ ಅಷ್ಟಾಗಿ ತಾಗುತ್ತಿರಲಿಲ್ಲ ಎಂಬ ಯೋಚನೆ ಬಂದದ್ದೇ ಟಾರ್ಚು ಹಲ್ಲಿನಿಂದ ಜಾರಿ ಎದೆಯ ಮೇಲೆ ಬಿತ್ತು.

"ಆಯ್ತೇನಪ್ಪ?" ಹಿಂದಿನ ಸೀಟಿನಿಂದ ದನಿ ಬಂತು.

"ಇಲ್ಲ, ಇನ್ನೂ ತಂತಿ ನೋಡ್ತಿದ್ದೀನಿ," ಎಂದ ಶಿವಯ್ಯ. ಮಾತಿನ ಕೊನೆಗೆ 'ಬುದ್ಧಿ' ಎಂಬ ಪದ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು. ಅದನ್ನು ನುಂಗಿಕೊಂಡ. ಕೇರಿಯಲ್ಲಿ ನಡೆಯಲು ಕಲಿಯುವ ಮೊದಲೇ ಕಲಿತ ಪದ. ಮೈಸೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ, ಹಾಸನದ ಅಂಗಡಿಯಲ್ಲಿ ಆರು ವರ್ಷ ಕಳೆದರೂ ಈ ದನಿಯೊಂದು ಕೇಳಿದ್ದಕ್ಕೆ ಅದು ಎಲ್ಲಿಂದಲೋ ಎದ್ದು ಬಂದಿತ್ತಲ್ಲ ಎಂದು ಅವನಿಗೆ ತನ್ನ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು.

ಚನ್ನಪ್ಪಗೌಡರಿಗೆ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಅವರು ದಿನವೂ ಬೆಳಿಗ್ಗೆ ಮಗನ ಕೈ ಹಿಡಿದು ಕೊಟ್ಟಿಗೆಗೆ ಬಂದು, ಅಲ್ಲಿ ನಿಲ್ಲಿಸಿದ ಆಸ್ಟಿನ್ ಕಾರಿನ ಹಿಂದಿನ ಸೀಟಿನಲ್ಲಿ ಮಧ್ಯಾಹ್ನದ ಊಟದವರೆಗೆ ಕೂತಿರುತ್ತಿದ್ದರಂತೆ. ಮನೆಯೊಳಗಿದ್ದರೆ ಎಲ್ಲರ ಕಾಲಿಗೂ ತೊಡರಿಕೊಂಡ ಹಾಗಾಗುತ್ತದೆ ಅನ್ನುತ್ತಿದ್ದರಂತೆ. ಮಗ ಕೃಷ್ಣಪ್ಪನವರು ಅಪ್ಪನಿಗೆ ಹೊತ್ತು ಹೋಗಲೆಂದು ಹೊಸ ಮಾದರಿಯ ಟ್ರಾನ್ಸಿಸ್ಟರ್ ಸೆಟ್ಟೊಂದನ್ನು ಬೊಂಬಾಯಿಯಿಂದ ತರಿಸಿ, ಕೂರಿಸಿಕೊಡಲು ಜನ ಬೇಕೆಂದು ಹಾಸನಕ್ಕೆ ಹೇಳಿ ಕಳಿಸಿದ್ದರು. ರೇಡಿಯೊ ಅಂಗಡಿಯ ಯಜಮಾನ ಗೌರೀಶಂಕರಪ್ಪ ಈ ಊರಿನ ಹೆಸರು ಹೇಳಿದಾಗ ಶಿವಯ್ಯ 'ನಾನು ಹೋಗುವುದಿಲ್ಲ' ಅನ್ನಬಹುದಿತ್ತು. ಅನ್ನಲಿಲ್ಲ. ಬೆಳಿಗ್ಗೆ ತಾಯಿ ಮುದ್ದಮ್ಮ ಎಲ್ಲಿಗೆ ಕೆಲಸ ಎಂದು ಕೇಳಿದಾಗ ಹೊಳೆನರಸೀಪುರಕ್ಕೆ ಎಂದ. ಅರಕಲಗೂಡಿನ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತಾನು ಹೋಗುತ್ತಿರುವುದು ಯಾಕೆ ಎಂದು ಕೇಳಿಕೊಂಡ. ಸೇಡಿಗೋ? ಆ ಮುಖ ಈಗ ಹೇಗಾಗಿದೆಯೆಂದು ನೋಡುವ ಚಪಲಕ್ಕೋ? ಚೀಲದಲ್ಲಿ ಬೆಸುಗೆ ಕಡ್ಡಿಯ ಪಕ್ಕ ಕೂತ ಉತ್ತರ ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.

ಇಲ್ಲಿ ಯಾರೂ ಅವನ ಗುರುತು ಹಿಡಿಯಲಿಲ್ಲ. ಹನ್ನೆರಡು ವರ್ಷದ ಹುಡುಗ ಊರು ಬಿಟ್ಟವನು, ಇಪ್ಪತ್ತೆಂಟರಲ್ಲಿ ಕನ್ನಡಕ, ಪ್ಯಾಂಟು, ಚರ್ಮದ ಚೀಲದೊಂದಿಗೆ ಬಂದರೆ ಯಾರಿಗೆ ತಿಳಿದೀತು. ಕೃಷ್ಣಪ್ಪನವರು ಕನ್ನಡಕ ನೋಡಿ "ಬನ್ನಿ ಮೇಷ್ಟ್ರೇ" ಎಂದು ಜಗಲಿಯ ಮೇಲಿನ ಬೆಂಚು ತೋರಿಸಿದರು. ಗೌಡರ ಹೆಂಡತಿ ಪುಟ್ಟತಾಯಮ್ಮ, ತಲೆ ಪೂರ್ತಿ ನೆರೆತಿತ್ತು, ಲೋಟದಲ್ಲಿ ಕಾಫಿ ಹಿಡಿದು ಬಾಗಿಲಿಗೇ ಬಂದು, "ಒಳೀಕ್ ಬಾ ಮಗ, ಕೂತ್ಕಂಡು ಕುಡಿ," ಎಂದರು. "ಕೈ ಕೊಳೆಯಾಗದೆ ಕಣವ್ವ, ಇಲ್ಲೇ ಕುಡೀತೀನಿ," ಎಂದು ಶಿವಯ್ಯ ಅಂಗಳದಲ್ಲಿ ನಿಂತೇ ಕುಡಿದ. ಕೈ ಕೊಳೆಯಾಗಿರಲಿಲ್ಲ. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಲೋಟವನ್ನು ತುಟಿಗೆ ತಾಗಿಸಬೇಕೋ ಎತ್ತಿ ಕುಡಿಯಬೇಕೋ ಎಂದು ಕ್ಷಣ ತಡವರಿಸಿ, ತಾಗಿಸಿಯೇ ಕುಡಿದ. ಆಮೇಲೆ, ಯಾರೂ ಕೇಳದಿದ್ದರೂ, ತೊಟ್ಟಿಯ ಹತ್ತಿರ ಹೋಗಿ ಲೋಟ ತೊಳೆದು ಬೋರಲು ಹಾಕಿದ. ಬೋರಲು ಹಾಕಿದ ಮೇಲೆ ತಾನೇನು ಮಾಡಿದೆನೆಂದು ತಿಳಿದು ಕಿವಿ ಬಿಸಿಯಾದವು.

ಬಾನೆಟ್ಟು ಎತ್ತಿ ಬ್ಯಾಟರಿ ನೋಡಿದಾಗಲೇ ಈ ಕಾರಿನ ವೈರಿಂಗು ಬೇರೆ ತರಹದ್ದೆಂದು ಅವನಿಗೆ ಗೊತ್ತಾಗಿತ್ತು. ಬ್ಯಾಟರಿಯ ಪ್ಲಸ್ಸನ್ನು ಕಾರಿನ ಬಾಡಿಗೆ ಕಟ್ಟಿದ್ದರು. ತಂದ ಸೆಟ್ಟು ಅದಕ್ಕೆ ತಿರುಗಾ ಮುರುಗಾ. ಮೈನಸ್ಸು ಬಾಡಿಗೆ ಸೇರಿರುತ್ತದೆ ಎಂದು ಎಣಿಸಿ ಮಾಡಿದ್ದು. ಅದರ ತಗಡಿನ ಪೆಟ್ಟಿಗೆಯೇ ಮೈನಸ್ಸು. ಎಲ್ಲ ಕಾರಿಗೂ ಮಾಡುವಂತೆ ನಾಲ್ಕು ಸ್ಕ್ರೂ ಬಿಗಿದು ಡ್ಯಾಶ್‌ಬೋರ್ಡಿಗೆ ಕೂರಿಸಿದರೆ ಮುಗಿಯಿತು, ಸೆಟ್ಟು ಒಳಗೇ ಸುಟ್ಟುಹೋಗುತ್ತದೆ. ಹೊರಗೆ ಒಂದು ಕಲೆಯೂ ಕಾಣುವುದಿಲ್ಲ. 'ಸೆಟ್ಟೇ ಸರಿಯಿಲ್ಲ ಸಾರ್' ಎಂದು ಚೀಲ ಎತ್ತಿಕೊಂಡು ಹೊರಟರೆ ಕೇಳುವವರಿಲ್ಲ. ಹದಿನಾರು ವರ್ಷದ ಸಿಟ್ಟಿಗೆ ಸಿಗುವುದು ಒಂದು ರೇಡಿಯೊ! ಆ ಸಣ್ಣತನಕ್ಕೆ ತಾನೇ ನಾಚಿ, ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸತೊಡಗಿದ. ಪೆಟ್ಟಿಗೆಯ ಸುತ್ತ ರಬ್ಬರು ಸುತ್ತಬೇಕು. ಸ್ಕ್ರೂಗಳಿಗೂ ರಬ್ಬರಿನ ಬಿಲ್ಲೆ ಹಾಕಬೇಕು. ಏರಿಯಲ್ ತಂತಿಯ ಹೊರಕವಚದ ಮೂಲಕ ತಾಗದಂತೆ ನಡುವೆ ಒಂದು ಕಂಡೆನ್ಸರ್ ಹಾಕಬೇಕು. ಎರಡೂ ತಂತಿಗಳನ್ನು ನೇರ ಬ್ಯಾಟರಿಯಿಂದಲೇ ತರಬೇಕು. ಸೆಟ್ಟಿನ ಮೈ ಕಾರಿನ ಮೈಗೆ ಎಲ್ಲಿಯೂ, ಒಂದು ಎಳೆಯಷ್ಟೂ, ತಾಗಕೂಡದು.

"ಯಾಕಪ್ಪ ಇಷ್ಟು ಹೊತ್ತು?" ಗೌಡರು ಮತ್ತೆ ಕೇಳಿದರು.

ಶಿವಯ್ಯ ಹೇಳಿದ. ಸುಮ್ಮನೆ ಕೂರಿಸಿದರೆ ಸುಟ್ಟುಹೋಗುತ್ತದೆ, ಅದಕ್ಕೇ ಮುಟ್ಟದ ಹಾಗೆ ಕೂರಿಸುತ್ತಿದ್ದೇನೆ ಎಂದ.

"ಮುಟ್ಟದಂಗೆ," ಎಂದರು ಗೌಡರು. ಆಮೇಲೆ, "ಯಾವೂರಪ್ಪ ನಿಂದು?" ಎಂದರು.

"ಹಾಸನ."

"ಹಾಸನದಲ್ಲಿ ಯಾರ ಪೈಕಿ?"

ಈ ಪ್ರಶ್ನೆ ಅವನಿಗೆ ಹೊಸದಲ್ಲ. ಬಾಡಿಗೆ ಮನೆ ಹುಡುಕುವಾಗ, ಹೋಟೆಲಿನಲ್ಲಿ, ರೇಡಿಯೊ ರಿಪೇರಿಗೆ ಹೋದ ಮನೆಗಳ ಹಜಾರದಲ್ಲಿ, ಸುತ್ತಿ ಬಳಸಿ ಜನ ಇದನ್ನೇ ಕೇಳುತ್ತಿದ್ದರು. ಸುತ್ತಿ ಬಳಸಿ ತಪ್ಪಿಸಿಕೊಳ್ಳುವುದು ಅವನಿಗೂ ಅಭ್ಯಾಸವಾಗಿತ್ತು. "ಅಂಗಡಿ ಗೌರೀಶಂಕರಪ್ಪೋರ ಪೈಕಿ," ಎಂದು ನಕ್ಕ. ಗೌಡರು ನಗಲಿಲ್ಲ. ಅವರ ದನಿಯನ್ನೇ ಶಿವಯ್ಯ ಕಿವಿಗೊಟ್ಟು ಕೇಳುತ್ತಿದ್ದ. ನೆನಪಿನಲ್ಲಿದ್ದ ದನಿ ಇದಲ್ಲ. ನೆನಪಿನ ದನಿ ದಪ್ಪ, ಒರಟು. ಅದು ಹೇಳುತ್ತಿದ್ದ ಮಾತೂ ಒಂದೇ: 'ಸೀಟು ಮೈಲಿಗೆ ಆಯ್ತದೆ, ಗಾಡಿ ಕಟ್ರಲಾ.' ಮೂರು ವರ್ಷದ ಹಿಂದೆ ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿ ನಡೆದ ತಮ್ಮ ಜನರ ಸಭೆಯಲ್ಲಿ ಶಿವಯ್ಯ ಎದ್ದು ನಿಂತು ಆ ಮಾತನ್ನು ಅದೇ ದಪ್ಪ ದನಿಯಲ್ಲಿ ಹೇಳಿ ತೋರಿಸಿದಾಗ ಮುಂದಿನ ಸಾಲಿನ ಹುಡುಗನೊಬ್ಬ ಮುಖ ಮುಚ್ಚಿಕೊಂಡಿದ್ದ. ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳ ಬಿಸಿಯಲ್ಲೇ ಅವನಿಗೆ ಬೆವರೊಡೆದಿತ್ತು. ಯಾಕೆಂದರೆ ಆ ಮಾತನ್ನು ಯಾರೂ ಆಡಿರಲಿಲ್ಲ. ಅದನ್ನು ಅವನೇ ಕಟ್ಟಿದ್ದ. ಯಾವಾಗ ಕಟ್ಟಿದೆ ಎಂಬುದು ಅವನಿಗೇ ನೆನಪಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ, 'ಕಾರಲ್ಲಿ ಯಾಕ್ಲಾ ಕರ್ಕಂಡೋಗ್ನಿಲ್ಲ?' ಎಂದು ಅವ್ವ ಎದೆ ಎದೆ ಬಡಿದುಕೊಂಡು ಕೇಳಿದಾಗಲೇ ಇರಬೇಕು.

"ಈ ಸೀಟ್ನಲ್ಲಿ ಒಬ್ಬ ಕೂರ್ಬೇಕಾಗಿತ್ತು ಕಣಪ್ಪ," ಎಂದರು ಗೌಡರು, ಇದ್ದಕ್ಕಿದ್ದ ಹಾಗೆ. "ನಮ್ಮ ಆಳು. ಬೋರ ಅಂತ. ಹುಣಸೆಹಣ್ಣು ಬಡಿಯಾಕೆ ಮರ ಅತ್ತಿದ್ದೋನು ಬಿದ್ಬುಟ್ಟ. ಬಿದ್ದೋನು ಎದ್ದು ನಿಂತ್ಕಂಡ. ಒಂದು ತೊಟ್ಟು ರಕ್ತ ಇಲ್ಲ. ಒಟ್ಟೆ ಇಡ್ಕಂಡು ನಗ್ತಿದ್ದ. ಮಖ ಮಾತ್ರ ಸುಣ್ಣ ಬಳ್ದಂಗೆ ಆಗಿತ್ತು."

ರಬ್ಬರಿನ ಪಟ್ಟಿಯೊಂದು ಶಿವಯ್ಯನ ಬೆರಳ ನಡುವೆ ಹಾಗೆಯೇ ನಿಂತಿತು.

"ನಾನು ಕಾರು ಅತ್ತು ಅಂದೆ. ದೇವ್ರಾಣೆಗೂ ಅಂದೆ. ಅವನು ಅತ್ನಿಲ್ಲ. ಎತ್ತಿನ ಗಾಡೀಲಿ ಓದ, ದಾರೀಲೇ ತೀರ್ಕಂಡ. ನಾನೇ ಅತ್ತುಸ್ಕಳ್ನಿಲ್ಲ ಅಂತ ಊರೆಲ್ಲ ಅಂತದೆ. ಎದ್ರುಗೆ ಯಾರೂ ಅನ್ನಕಿಲ್ಲ. ಇವಳೂ ಅಂತಾಳೆ, ನಮ್ಮನೆಯೋಳು, ನೀವು ಅಂದಿದ್ದು ನನ್ ಕಿವಿಗೆ ಬೀಳ್ನಿಲ್ಲ ಅಂತ. ಬಾಗ್ಲಲ್ಲೇ ನಿಂತಿದ್ಲು! ಇಲ್ಲಿ ಕೂತ್ಕಂಡು ದಿನಾ ಅದ್ನೇ ಯೋಚ್ನೆ ಮಾಡ್ತೀನಿ. ಈಗೀಗ ನಂಗೇ ಅನುಮಾನ. ಬಾಯ್ಬುಟ್ಟು ಅಂದ್ನೋ, ಮನಸ್ನಲ್ಲಿ ಅನ್ಕಂಡ್ನೋ."

ಅಂದಿದ್ದರು. ಜಗಲಿಯ ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿ ಕಾರಿನ ಬೀಗದಕೈ ಹಿಡಿದು, 'ಅತ್ತಲಾ ಬೋರ' ಎಂದು ಅಂದಿದ್ದರು. ದನಿ ದಪ್ಪವಾಗಿರಲಿಲ್ಲ, ಸಣ್ಣಗಿತ್ತು. ಈಗ ಹಿಂದಿನಿಂದ ಬರುತ್ತಿದೆಯಲ್ಲ, ಇದೇ ದನಿ. ಅಂಗಳದಲ್ಲಿ ಹತ್ತಾರು ಜನ ಒಟ್ಟಿಗೆ ಮಾತಾಡುತ್ತಿದ್ದರು, ಆ ದನಿ ಅಪ್ಪನಿಗೂ ಅವನ ಪಕ್ಕ ನಿಂತ ಶಿವಯ್ಯನಿಗೂ ಮಾತ್ರ ಕೇಳಿತ್ತು. ಕಾರು ಬಂದು ತಿಂಗಳಾಗಿತ್ತಷ್ಟೆ. ಕರಿಯ ಮಡ್‌ಗಾರ್ಡಿನಲ್ಲಿ ಆಕಾಶವೆಲ್ಲ ಕಾಣುತ್ತಿತ್ತು. ಅಪ್ಪ ಬೀಳುವುದಕ್ಕೆ ವಾರ ಮೊದಲು ಹುಡುಗ ಶಿವಯ್ಯ ಆ ಹೊಳಪಿನಲ್ಲಿ ತನ್ನ ಮುಖ ನೋಡಿಕೊಳ್ಳಲು ಹೋಗಿ ಐದೂ ಬೆರಳು ಊರಿಬಿಟ್ಟಿದ್ದ. ಬೆರಳ ಗುರುತು ಹಾಗೆಯೇ ಮೂಡಿತ್ತು. ಯಾರೋ ಕೂಗಿದರು, ಯಾರೋ ಅಪ್ಪನನ್ನು ಕರೆದರು. ಅಪ್ಪ ಬಂದು, ಎಲ್ಲರ ಮುಂದೆ, ಹುಣಸೆ ಬರಲಿನಲ್ಲಿ ಅವನ ಅಂಗೈಗೆ ಹೊಡೆದ. ಆಮೇಲೆ ಕೇರಿಗೆ ಕರೆದುಕೊಂಡು ಹೋಗಿ, ಬಾಸುಂಡೆಗೆ ಎಣ್ಣೆ ಹಚ್ಚುತ್ತಾ, 'ಮುಟ್ಬಾರ್ದು ಕಣ್ಲಾ ಮಗ, ಮುಟ್ಬಾರ್ದು,' ಎಂದು ತಾನೇ ಅತ್ತ. ಆ ಗಾಯ ಮಾಯುವ ಮೊದಲೇ ಹುಣಸೆಮರದ ಕೆಳಗೆ ಅಪ್ಪ ಬಿದ್ದಿದ್ದ. ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಬಂದ. ಗೌಡರು ಹತ್ತು ಅಂದರು. ಅಪ್ಪ ಒಂದು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಇಟ್ಟ, ಕಾರಿನ ಬಾಗಿಲ ಹಿಡಿಯ ಮೇಲೆ ಕೈ ಇಟ್ಟ. ಆಗ ಶಿವಯ್ಯ ಅವನ ಪಂಚೆಯ ಚುಂಗು ಹಿಡಿದು ಜಗ್ಗಿದ. 'ಬ್ಯಾಡ ಕಣಪ್ಪ, ಮುಟ್ಬ್ಯಾಡ ಕಣಪ್ಪ.' ಅಪ್ಪ ಬೆಂಕಿ ತಾಗಿದವನಂತೆ ಕೈ ತೆಗೆದ. ಮಗನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ನಾಚಿಕೆಯಿತ್ತು, ಪಾಠ ಮರೆತ ಮೇಷ್ಟ್ರ ನಾಚಿಕೆ. 'ಬುಡಿ ಬುದ್ಧಿ, ಗಾಡೀಲೇ ಓಯ್ತೀನಿ,' ಎಂದ. ಅರಕಲಗೂಡಿನ ಆಸ್ಪತ್ರೆಗೆ ಏಳು ಮೈಲಿ. ಗಾಡಿ ಕೆರೆ ಏರಿ ಮುಟ್ಟುವ ಹೊತ್ತಿಗೆ ಅಪ್ಪ ನೀರು ನೀರು ಅನ್ನುತ್ತಿದ್ದ. ಅಷ್ಟು ದೊಡ್ಡ ಕೆರೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಯಾರೋ ಇಳಿದು ಬೊಗಸೆಯಲ್ಲಿ ನೀರು ತರುವಷ್ಟರಲ್ಲಿ ಅವನಿಗೆ ನೀರು ಬೇಕಾಗಿರಲಿಲ್ಲ.

ಶಿವಯ್ಯ ಡ್ಯಾಶ್‌ಬೋರ್ಡಿನ ಕೆಳಗಿನ ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಸುಮ್ಮನಿರಬಹುದಿತ್ತು. ಈ ಮುದುಕ ಇನ್ನೆಷ್ಟು ದಿನ ಬದುಕುತ್ತಾನೋ ಅಷ್ಟು ದಿನವೂ ತನ್ನ ಮಾತನ್ನು ತಾನೇ ನಂಬದೆ ಈ ಸೀಟಿನಲ್ಲಿ ಕೂತು ಬೇಯಲಿ. ಲೋಕದಲ್ಲಿ ಆ ಮಾತಿಗೆ ಸಾಕ್ಷಿಯೆಂದರೆ ತಾನೊಬ್ಬನೇ. ಸುಮ್ಮನಿರುವುದೇ ಸಾಕು, ಬೇರೆ ಸೇಡು ಬೇಕಿಲ್ಲ. ಹೀಗೆ ಅಂದುಕೊಳ್ಳುತ್ತಿರುವಾಗಲೇ ಅವನ ಬಾಯಿ ತೆರೆದುಕೊಂಡಿತ್ತು.

"ಅಂದ್ರಿ," ಎಂದ. "ನೀವು ಅಂದ್ರಿ. ನಾನು ಕೇಳ್ದೆ."

ಹಿಂದಿನ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು.

"ನಾನು ಬೋರಪ್ಪನ ಮಗ. ಶಿವ. ನೀವು ಅತ್ತು ಅಂದ್ರಿ, ನಮ್ಮಪ್ಪ ಬಾಗ್ಲು ಇಡ್ದಿದ್ದ. ನಾನೇ ಬ್ಯಾಡ ಅಂತ ಎಳ್ದೆ. ಊರ್ಗೆಲ್ಲ ಸುಳ್ಳೇಳ್ದೋನೂ ನಾನೇ."

ಹೇಳಿ ಮುಗಿಸಿದ ಮೇಲೆ ಹಗುರಾಗುತ್ತದೆಂದು ಅವನು ಕಾದ. ಹಗುರಾಗಲಿಲ್ಲ. ಕೊಟ್ಟಿಗೆಯ ಆಚೆ ಎಮ್ಮೆಯೊಂದು ಮೈ ಕೊಡವಿಕೊಂಡಿತು. ಅವನು ಎದ್ದು ಕೂತು ಹಿಂದಿರುಗಿ ನೋಡಿದ. ಗೌಡರ ಬಿಳಿಚಿದ ಕಣ್ಣುಗಳು ಅವನ ಭುಜದ ಮೇಲಿನಿಂದ ಎಲ್ಲಿಗೋ ನೋಡುತ್ತಿದ್ದವು. ತುಟಿ ಅಲುಗುತ್ತಿತ್ತು.

"ಆಗ ನಿಂಗೆಷ್ಟು ವರ್ಸ?"

"ಅನ್ನೆರಡು."

"ಅನ್ನೆರಡು," ಎಂದು ಅವರು ಮೆಲ್ಲಗೆ ಅಂದರು. "ಒಂದು ಚೋಟುದ್ದದ ಕೂಸು ಬ್ಯಾಡ ಅಂತು, ನಾನು ಸುಮ್ಕಾದೆ." ಅವರ ಕೈ ಮುಂದಿನ ಸೀಟಿನ ಬೆನ್ನನ್ನು ಹುಡುಕಿ ಹಿಡಿದುಕೊಂಡಿತು. "ಕೇಳು ಮಗ. ನೀನು ಎಳ್ದಿದ್ದು ನಂಗೆ ಕಾಣ್ತು. ಮರ್ತೇನೂ ಇಲ್ಲ. ನೀನು ಎಳ್ದಾಗ, ಸದ್ಯ ಅನ್ನುಸ್ತು ನಂಗೆ. ಜನದ ಮುಂದೆ ಅಂದಂಗೂ ಆಯ್ತು, ಅತ್ತುಸ್ದೆ ಇದ್ದಂಗೂ ಆಯ್ತು ಅಂತ. ಮೆಟ್ಲಿಂದ ಕೆಳೀಕೆ ಇಳೀನಿಲ್ಲ ನಾನು. ಎಲ್ಡು ಮೆಟ್ಲು. ಇಳ್ದು ಬಂದು ರಟ್ಟೆ ಇಡ್ದು ಕೂರುಸಿದ್ರೆ ಅವನು ಬ್ಯಾಡ ಅಂತಿದ್ನಾ?"

ತನ್ನ ತಪ್ಪು ಎಂದು ಶಿವಯ್ಯ ಹದಿನಾರು ವರ್ಷ ಬಚ್ಚಿಟ್ಟುಕೊಂಡಿದ್ದನ್ನು ಈ ಮುದುಕ ಕೈಚಾಚಿ ಅರ್ಧ ಕಿತ್ತುಕೊಂಡಿದ್ದ. ಇವರನ್ನು ದ್ವೇಷಿಸುತ್ತಿದ್ದುದರಲ್ಲಿ ಅರ್ಧವನ್ನು ಅವನೇ ಈಗ ತಾನೆ ಬಿಟ್ಟುಕೊಟ್ಟಿದ್ದ. ಉಳಿದದ್ದನ್ನು ಯಾರ ಮೇಲೆ ಹೊರಿಸುವುದು? ಅಳಬೇಕೆನ್ನಿಸಿತು, ಅಳು ಬರಲಿಲ್ಲ. ಕೈಗಳಿಗೆ ಕೆಲಸ ಬೇಕೆನ್ನಿಸಿ ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಕೊಂಡ. ರಬ್ಬರು ಸುತ್ತಿದ. ಬಿಲ್ಲೆಗಳನ್ನು ಹಾಕಿದ. ಸ್ಕ್ರೂ ಬಿಗಿದ. ಬ್ಯಾಟರಿಯಿಂದ ತಂದ ಎರಡು ತಂತಿಗಳನ್ನು ಒಂದಲ್ಲ ಮೂರು ಸಲ ನೋಡಿ ಸೇರಿಸಿದ. ಮೀಟರಿನ ಮುಳ್ಳಿಟ್ಟು ಪೆಟ್ಟಿಗೆಯ ಮೈ ಎಲ್ಲಿಯೂ ತಾಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಸ್ವಿಚ್ಚು ತಿರುವಿದಾಗ ಮೊದಲು ಮರಳು ಸುರಿದಂಥ ಸದ್ದು, ಆಮೇಲೆ ಬೆಂಗಳೂರು ಕೇಂದ್ರದ ನಾಗಸ್ವರ. ಗೌಡರ ಮುಖದಲ್ಲಿ ಏನೂ ಬದಲಾಗಲಿಲ್ಲ.

ನಾಗಸ್ವರ ಕೇಳಿ ಕೃಷ್ಣಪ್ಪನವರು ಓಡಿ ಬಂದರು. "ಅದ್ಭುತ ಮೇಷ್ಟ್ರೇ! ಊಟ ಮಾಡ್ಕಂಡೇ ಓಗ್ಬೇಕು ನೀವು," ಎಂದರು.

"ಊಟ ಬ್ಯಾಡ ಸಾರ್, ಬಸ್ಸು ತಪ್ತದೆ," ಎಂದ ಶಿವಯ್ಯ.

"ಕೃಷ್ಣ," ಎಂದರು ಗೌಡರು. "ಕಾರಲ್ಲಿ ಅರಕಲಗೂಡ್ಗೆ ಬುಟ್ಟು ಬಾ ಇವರ್ನ." ಅವರು ಬಾಗಿಲು ತಡವಿ ತೆಗೆದು, ಕಾಲಿನಿಂದ ನೆಲ ಹುಡುಕುತ್ತಾ ಇಳಿದರು. ಮಗ ಕೈ ಕೊಡಲು ಹೋದರೆ ಬೇಡವೆಂದರು. ತೆರೆದ ಬಾಗಿಲನ್ನು ಹಿಡಿದುಕೊಂಡು, ಶಿವಯ್ಯ ಇರಬಹುದಾದ ಕಡೆಗೆ ಮುಖ ತಿರುಗಿಸಿ ನಿಂತರು. ಬಾಯಿ ಒಂದು ಸಲ ತೆರೆದು ಮುಚ್ಚಿತು. 'ಅತ್ತು' ಎಂಬ ಪದವನ್ನು ಅವರು ಈ ಸಲ ಆಡಲಿಲ್ಲ. ಸುಮ್ಮನೆ ಬಾಗಿಲು ಹಿಡಿದು ನಿಂತೇ ಇದ್ದರು. ಮುಂದೆ ಕೂರುತ್ತೇನೆ ಅನ್ನೋಣವೆಂದುಕೊಂಡ ಶಿವಯ್ಯ ಆ ಕೈಯನ್ನು ನೋಡಿ, ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹತ್ತಿ ಕೂತ. ಮುದುಕರ ಮೈ ಕಾವು ಸೀಟಿನಲ್ಲಿ ಇನ್ನೂ ಇತ್ತು.

ಕಾರು ಹೊರಟಿತು. ಕೃಷ್ಣಪ್ಪನವರು ರೇಡಿಯೊ ಹಾಕಿಕೊಂಡೇ ಓಡಿಸಿದರು. ನಡುನಡುವೆ ಹೊಗೆಸೊಪ್ಪಿನ ಬೆಳೆಯ ಬಗ್ಗೆ, ಅಪ್ಪನ ಕಣ್ಣಿನ ಬಗ್ಗೆ ಏನೇನೋ ಹೇಳಿದರು. ಶಿವಯ್ಯ ಊಂ ಊಂ ಎಂದ. ಅವನು ಕೆರೆ ಏರಿಗಾಗಿ ಕಾಯುತ್ತಿದ್ದ. ಗಾಡಿಯಲ್ಲಿ ಅಲ್ಲಿಗೆ ಮುಟ್ಟಲು ಒಂದೂವರೆ ಗಂಟೆ ಹಿಡಿದಿತ್ತು. ಅಪ್ಪನ ತಲೆ ತನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಅಪ್ಪನ ಬಾಯಿಂದ ಬರುತ್ತಿದ್ದ ಸಣ್ಣ ಸದ್ದನ್ನು ಅವನು ಎಣಿಸಿದ್ದ. ಆ ಏರಿ ಬಂದಾಗ ಏನಾದೀತೋ ಎಂದು ಕಿಟಕಿಯಾಚೆ ಕಣ್ಣು ನೆಟ್ಟು ಕೂತ. ಜೋಳದ ಹೊಲ, ಹೊಂಗೆ ಮರಗಳು, ಒಂದು ತಿರುವು, ಬಟ್ಟೆ ಒಗೆಯುವ ಹೆಂಗಸರು, ಮತ್ತೆ ಹೊಲ. "ಏರಿ ಬಂತಾ?" ಎಂದು ಕೇಳಿದ.

"ಯಾವುದು, ದೊಡ್ಕೆರೆ ಏರಿನಾ?" ಎಂದರು ಕೃಷ್ಣಪ್ಪನವರು. "ಆಗ್ಲೇ ಓಯ್ತಲ್ಲ ಮೇಷ್ಟ್ರೇ."

ಹಿಂದಿರುಗಿ ನೋಡಿದರೆ ಧೂಳು ಬಿಟ್ಟು ಏನೂ ಕಾಣಲಿಲ್ಲ.

ಅರಕಲಗೂಡಿನಲ್ಲಿ ಆಸ್ಪತ್ರೆಯ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಕೃಷ್ಣಪ್ಪನವರು ಅಲ್ಲೇ ಕಾರು ನಿಲ್ಲಿಸಿ, ಕೈಗಡಿಯಾರ ನೋಡಿಕೊಂಡು, "ಇಪ್ಪತ್ತೆರಡು ನಿಮಿಷ," ಎಂದರು. "ಮುದಿ ಕಾರು ನೋಡಿ, ಏರಿದ್ರೆ ಉಬ್ಬಸ. ಒಸದ್ರಲ್ಲಿ ಏಳು ಮೈಲಿಗೆ ಕಾಲು ಗಂಟೆನೂ ಇಡೀತಿರ್ಲಿಲ್ಲ."

ಶಿವಯ್ಯ ಇಳಿದ. ಬಾಗಿಲು ಮೊದಲ ಸಲ ಸರಿಯಾಗಿ ಕೂರಲಿಲ್ಲ, ಮತ್ತೊಮ್ಮೆ ಹಾಕಬೇಕಾಯಿತು. ಕಾರು ತಿರುಗಿಕೊಂಡು ಹೋಯಿತು. ಅವನು ಆಸ್ಪತ್ರೆಯ ಕಡೆ ನೋಡಿದ. ಸಣ್ಣ ಹೆಂಚಿನ ಕಟ್ಟಡ, ಮೂರು ಮೆಟ್ಟಿಲು, ವರಾಂಡದಲ್ಲಿ ಬೆಂಚು, ಬೆಂಚಿನ ಪಕ್ಕ ಒಂದು ಕುಡಿಯುವ ನೀರಿನ ಮಡಕೆ, ಅದರ ಮೇಲೆ ಬೋಗುಣಿ. ಅಪ್ಪ ಎಂದೂ ಇದನ್ನು ನೋಡಲಿಲ್ಲ. ಕಾಲು ಗಂಟೆ. ಮೋರಿಯ ಕಟ್ಟೆಯ ಮೇಲೆ ಕೂತವನಿಗೆ ತಾನು ಅಳುತ್ತಿದ್ದೇನೆಂದು ತಿಳಿದದ್ದು ಕನ್ನಡಕ ಮಬ್ಬಾದಾಗ. ಸದ್ದು ಹೊರಡಿಸದೆ ಅಳಲು ನೋಡಿದ, ಆಗಲಿಲ್ಲ. ಗೌಡರ ಮೇಲಿನ ಸಿಟ್ಟು ಅದರಲ್ಲಿರಲಿಲ್ಲ, ತನ್ನ ಮೇಲಿನದೂ ಇರಲಿಲ್ಲ. ಸುಣ್ಣ ಬಳಿದಂಥ ಮುಖದ, ನಗುತ್ತಿದ್ದ, ಬಾಯಾರಿದ ಒಬ್ಬ ಮನುಷ್ಯ ಮಾತ್ರ ಇದ್ದ.

ಹಾಸನದ ಬಸ್ಸು ಬಂದು ನಿಂತಿತು. ಕೂಗುತ್ತಾ ಇಳಿದ ಕಂಡಕ್ಟರು ಅವನನ್ನು ಕಂಡು ಹತ್ತಿರ ಬಂದ. "ಯಾಕ್ ಸಾ? ಏನಾಯ್ತು ಸಾ?"

"ನಮ್ಮಪ್ಪ ತೀರ್ಕಂಡ್ರು," ಎಂದ ಶಿವಯ್ಯ.

ಕಂಡಕ್ಟರು ಆಸ್ಪತ್ರೆಯ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿ, "ಅಯ್ಯೋ. ಈಗ್ಲಾ ಸಾ?" ಎಂದ.

"ಊಂ," ಎಂದ ಶಿವಯ್ಯ. "ಈಗ್ಲೇ."